ಥೈರಾಯ್ಡ್ ತೊಂದರೆ ಮತ್ತು ರಕ್ತಪರೀಕ್ಷೆ: ನಮ್ಮ ತಾಯಂದಿರು, ಹೆಣ್ಣುಮಕ್ಕಳು ತಿಳಿದಿರಬೇಕಾದ ಸಂಗತಿ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ಶಿವಮೊಗ್ಗದಲ್ಲಿ, ಆರೋಗ್ಯ ಸಮಿತಿಯ ಲ್ಯಾಬ್ ಟೆಕ್ನಿಷಿಯನ್‌ಗಳ ಪರವಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಕೊನೆಯಲ್ಲಿ ಸೇರಿಸಲಾಗಿದೆ.)

 

ನಮಗೆ ಕೊಟ್ಟಿರುವ ವಿಷಯ ಥೈರಾಯ್ಡ್. ಮೊದಲೇ ಹೇಳಿಬಿಡುತ್ತೇವೆ, ನಾವು ಡಾಕ್ಟರುಗಳಲ್ಲ. ಶಿವಮೊಗ್ಗ ಮತ್ತು ಭದ್ರಾವತಿಯ ಲ್ಯಾಬುಗಳಲ್ಲಿ ರಕ್ತ ತೆಗೆಯುವವರು, ಅದನ್ನು ಯಂತ್ರಕ್ಕೆ ಹಾಕುವವರು, ರಿಪೋರ್ಟು ಸಿದ್ಧಮಾಡಿ ಕೈಗೆ ಕೊಡುವವರು. ಮಾತ್ರೆ ಬರೆಯುವುದು ನಮ್ಮ ಕೆಲಸವಲ್ಲ. ಆದರೆ ರಿಪೋರ್ಟು ಕೈಗೆ ಬಂದ ಮೇಲೆ ಜನ ಮೊದಲು ಪ್ರಶ್ನೆ ಕೇಳುವುದು ನಮ್ಮ ಕೌಂಟರಿನಲ್ಲೇ. ಹಾಗೆ ವರ್ಷಗಟ್ಟಲೆ ಕೇಳಿಸಿಕೊಂಡ ಪ್ರಶ್ನೆಗಳಿಂದಲೇ ಈ ಮಾತನ್ನು ಕಟ್ಟಿಕೊಂಡು ಬಂದಿದ್ದೇವೆ.

ಕತ್ತಿನ ಮುಂಭಾಗದಲ್ಲಿ, ಗಂಟಲ ಮಣಿಯ ಕೆಳಗೆ, ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಒಂದು ಗ್ರಂಥಿ ಇದೆ. ತೂಕ ಸುಮಾರು 20 ಗ್ರಾಂ. ಅದೇ ಥೈರಾಯ್ಡ್. ನಾವು ತಿನ್ನುವ ಉಪ್ಪಿನಲ್ಲಿರುವ ಅಯೋಡಿನ್ ಹಿಡಿದಿಟ್ಟುಕೊಂಡು ಅದು ಟಿ4 ಮತ್ತು ಟಿ3 ಎಂಬ ಎರಡು ಹಾರ್ಮೋನು ತಯಾರಿಸುತ್ತದೆ. ಹೃದಯದ ಬಡಿತ, ಮೈಯ ಬಿಸಿ, ಹೊಟ್ಟೆಯ ಚಲನೆ, ತಿಂಗಳ ಮುಟ್ಟು, ಮಕ್ಕಳ ಬೆಳವಣಿಗೆ, ಓದಿದ್ದು ತಲೆಗೆ ಹತ್ತುವುದು, ಎಲ್ಲಕ್ಕೂ ಇವು ಬೇಕು. ಕಡಿಮೆಯಾದರೆ ಆಯಾಸ, ಮೈ ಊದುವುದು, ಚಳಿ ತಡೆಯದಿರುವುದು, ಮಲಬದ್ಧತೆ, ಕೂದಲು ಉದುರುವುದು, ಮುಟ್ಟು ಹೆಚ್ಚಾಗಿ ಹೋಗುವುದು, ಮರೆವು. ಹೆಚ್ಚಾದರೆ ಎದೆ ಡವಗುಟ್ಟುವುದು, ಕೈ ನಡುಗುವುದು, ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಬೆವರು, ಕೆಲವರಿಗೆ ಕಣ್ಣುಗುಡ್ಡೆ ಮುಂದೆ ಬಂದಂತೆ ಕಾಣುವುದು.

ಇಲ್ಲೇ ಒಂದು ತೊಡಕಿದೆ. ಕಡಿಮೆಯಾದಾಗಿನ ಲಕ್ಷಣಗಳು ಯಾವ ಮನೆಯ ಹೆಂಗಸಿಗೆ ಇರುವುದಿಲ್ಲ ಹೇಳಿ. ಬೆಳಿಗ್ಗೆ ಐದಕ್ಕೆ ಎದ್ದು, ಮಕ್ಕಳನ್ನು ಶಾಲೆಗೆ ಕಳಿಸಿ, ಮಧ್ಯಾಹ್ನ ಅಗರಬತ್ತಿಗೋ ಹೊಲಿಗೆಗೋ ಕೂರುವ ತಾಯಿ ‘ಸುಸ್ತು’ ಎಂದರೆ ಮನೆಯವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಸೋಮಾರಿ ಎನ್ನುತ್ತಾರೆ. ಹತ್ತನೇ ತರಗತಿಯ ಹುಡುಗಿ ಪುಸ್ತಕದ ಮುಂದೆ ತೂಕಡಿಸಿದರೆ ಮೊಬೈಲಿನ ಮೇಲೆ ತಪ್ಪು ಹೊರಿಸುತ್ತಾರೆ. ಬೆಂಗಳೂರೂ ಸೇರಿ ದೇಶದ ಎಂಟು ನಗರಗಳ ವಯಸ್ಕರನ್ನು ಪರೀಕ್ಷಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಥೈರಾಯ್ಡ್ ಕಡಿಮೆ ಇರುವುದು ಕಂಡುಬಂತು. ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚು. ಆ ಹನ್ನೊಂದು ಮಂದಿಯಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಜನಕ್ಕೆ ತಮಗೆ ತೊಂದರೆ ಇರುವುದೇ ಗೊತ್ತಿರಲಿಲ್ಲ. ಮುಖ ನೋಡಿ ಹೇಳಲು ಬಾರದ್ದನ್ನು ಎರಡು ಮಿಲಿಲೀಟರ್ ರಕ್ತ ಹೇಳುತ್ತದೆ. ಪರೀಕ್ಷೆಯ ಬೆಲೆ ಇರುವುದು ಅಲ್ಲಿ.

ಈಗ ರಿಪೋರ್ಟಿಗೆ ಬರೋಣ. ಅದರಲ್ಲಿ ಮುಖ್ಯವಾದ ಅಕ್ಷರ ಟಿ.ಎಸ್.ಎಚ್. ಇದು ಥೈರಾಯ್ಡಿನಿಂದ ಬರುವುದಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ಭದ್ರಾವತಿಯವರಿಗೆ ಸುಲಭವಾಗಿ ತಿಳಿಯುವ ಹಾಗೆ ಹೇಳುವುದಾದರೆ, ಪಿಟ್ಯುಟರಿ ಮೇಸ್ತ್ರಿ, ಥೈರಾಯ್ಡ್ ಕೆಲಸದಾಳು. ಆಳು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಮೇಸ್ತ್ರಿ ಮೆಲ್ಲಗೆ ಮಾತಾಡುತ್ತಾನೆ. ಆಳು ಸೋತರೆ ಕೂಗುತ್ತಾನೆ. ಆ ಕೂಗೇ ಟಿ.ಎಸ್.ಎಚ್. ಆದ್ದರಿಂದ ಟಿ.ಎಸ್.ಎಚ್. ಏರಿದೆ ಎಂದರೆ ಥೈರಾಯ್ಡ್ ಕಡಿಮೆಯಾಗಿದೆ ಎಂದರ್ಥ. ಟಿ.ಎಸ್.ಎಚ್. ಸೊನ್ನೆಯ ಹತ್ತಿರ ಇಳಿದಿದೆ ಎಂದರೆ ಆಳು ಹೇಳದೆಯೇ ಅತಿಯಾಗಿ ದುಡಿಯುತ್ತಿದ್ದಾನೆ, ಮೇಸ್ತ್ರಿ ಸುಮ್ಮನಾಗಿದ್ದಾನೆ ಎಂದರ್ಥ. ‘ನನಗೆ ಥೈರಾಯ್ಡ್ ಜಾಸ್ತಿ ಇದೆ’ ಎನ್ನುವವರಲ್ಲಿ ಬಹಳ ಮಂದಿಗೆ ನಿಜವಾಗಿ ಇರುವುದು ಕಡಿಮೆ. ಮಾತು ತಲೆಕೆಳಗಾಗಲು ಕಾರಣ ಇದೇ.

ಮೇಸ್ತ್ರಿಯ ಕಿವಿ ಬಲು ಸೂಕ್ಷ್ಮ. ರಕ್ತದಲ್ಲಿ ಟಿ4 ಅರ್ಧಕ್ಕೆ ಇಳಿದರೆ ಟಿ.ಎಸ್.ಎಚ್. ನೂರು ಪಟ್ಟಿನಷ್ಟು ಏರಬಲ್ಲದು. ಅದಕ್ಕಾಗಿ ಮೊದಲ ಪರೀಕ್ಷೆಗೆ ಸಾಮಾನ್ಯವಾಗಿ ಟಿ.ಎಸ್.ಎಚ್. ಒಂದೇ ಸಾಕು. ಅದು ಸರಿಯಿಲ್ಲದಿದ್ದರೆ ಅದೇ ರಕ್ತದಲ್ಲಿ ಫ್ರೀ ಟಿ4 ನೋಡುತ್ತಾರೆ. ಹಾರ್ಮೋನು ಹೆಚ್ಚಾಗಿರುವ ಅನುಮಾನ ಇದ್ದರೆ ಟಿ3 ಕೂಡ ಬೇಕು. ಕಡಿಮೆಯಾಗಿರುವವರಿಗೆ ಟಿ3ಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಆಂಟಿ ಟಿ.ಪಿ.ಒ. ಎಂಬುದು ದೇಹವೇ ತನ್ನ ಥೈರಾಯ್ಡಿನ ಮೇಲೆ ತಿರುಗಿಬಿದ್ದಿದೆಯೇ ಎಂದು ನೋಡುವ ಪರೀಕ್ಷೆ. ಒಂದು ಸಲ ಪಾಸಿಟಿವ್ ಎಂದು ಗೊತ್ತಾದ ಮೇಲೆ ಮತ್ತೆ ಮತ್ತೆ ಮಾಡಿಸಿ ಪ್ರಯೋಜನವಿಲ್ಲ. ಪರೀಕ್ಷೆ ಹೆಚ್ಚಾದಷ್ಟೂ ನಮ್ಮ ಕೌಂಟರಿಗೆ ಹಣ, ಆದರೂ ಇದನ್ನು ಹೇಳಲೇಬೇಕು. ಆರು ತಿಂಗಳಿಗೊಮ್ಮೆ ದೊಡ್ಡ ಪ್ಯಾಕೇಜು ಮಾಡಿಸುವ ಹಣದಲ್ಲಿ ಮನೆಯ ಇನ್ನಿಬ್ಬರಿಗೆ ಟಿ.ಎಸ್.ಎಚ್. ಮಾಡಿಸಬಹುದು.

ಒಂದು ಅಪವಾದ ಇದೆ. ಮೇಸ್ತ್ರಿಗೇ ಕಾಯಿಲೆಯಾದರೆ ಕೂಗುವವರು ಯಾರು? ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ಕೆಲವು ತಾಯಂದಿರಲ್ಲಿ ಪಿಟ್ಯುಟರಿಗೆ ಪೆಟ್ಟಾಗುತ್ತದೆ. ಎದೆಹಾಲು ಬರುವುದಿಲ್ಲ, ಮುಟ್ಟು ಮತ್ತೆ ಶುರುವಾಗುವುದಿಲ್ಲ, ವರ್ಷಗಟ್ಟಲೆ ನಿಶ್ಶಕ್ತಿ. ಅಂಥವರ ಟಿ.ಎಸ್.ಎಚ್. ನಾರ್ಮಲ್ ಎಂದೇ ಬರಬಹುದು. ಫ್ರೀ ಟಿ4 ನೋಡಿದರೆ ಮಾತ್ರ ಕೊರತೆ ಕಾಣುತ್ತದೆ. ಹೀಗಾಗಿ ಹೆರಿಗೆಯ ಹಳೆಯ ಕತೆಯನ್ನು ಡಾಕ್ಟರ ಮುಂದೆ ಮುಚ್ಚಿಡಬೇಡಿ. ನಿಮಗೆ ಮುಗಿದುಹೋದ ಮಾತು ಅನಿಸಿದ್ದು ಅವರಿಗೆ ಸುಳಿವು.

ವಯಸ್ಕರಲ್ಲಿ ಟಿ.ಎಸ್.ಎಚ್. ಸಾಧಾರಣವಾಗಿ 0.4ರಿಂದ 4 ಅಥವಾ 4.5ರವರೆಗೆ ಇರುತ್ತದೆ. ಯಂತ್ರದಿಂದ ಯಂತ್ರಕ್ಕೆ ಸ್ವಲ್ಪ ವ್ಯತ್ಯಾಸ ಇರುವುದರಿಂದ ರಿಪೋರ್ಟಿನಲ್ಲಿ ಪಕ್ಕದಲ್ಲೇ ಅಚ್ಚಾಗಿರುವ ಮಿತಿಯನ್ನೇ ನೋಡಬೇಕು. 6 ಎಂದು ಬಂದ ಕೂಡಲೆ ಎದೆ ಹೊಡೆದುಕೊಳ್ಳಬೇಕಿಲ್ಲ. ಫ್ರೀ ಟಿ4 ಸರಿಯಿದ್ದು ಟಿ.ಎಸ್.ಎಚ್. 10ರ ಒಳಗಿದ್ದರೆ ಡಾಕ್ಟರು ಎರಡು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ ಎನ್ನುವುದು ಸಾಮಾನ್ಯ. ಎಷ್ಟೋ ಜನರದ್ದು ತಾನಾಗಿ ಇಳಿದಿರುತ್ತದೆ. ವಯಸ್ಸಾದವರಲ್ಲಿ ಈ ಅಂಕಿ ಸ್ವಲ್ಪ ಹೆಚ್ಚಿರುವುದು ಸಹಜ. ಜ್ವರ, ದೊಡ್ಡ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಾಡಿಸಿದ ಥೈರಾಯ್ಡ್ ರಿಪೋರ್ಟನ್ನೂ ಪೂರ್ತಿ ನಂಬಲಾಗದು. ಆದರೆ ಗರ್ಭಿಣಿಯರಿಗೆ ಈ ಸಮಾಧಾನದ ಮಾತು ಅನ್ವಯಿಸುವುದಿಲ್ಲ.

ಇಂದು ನಾವು ಮುಖ್ಯವಾಗಿ ಹೇಳಲು ಬಂದಿರುವುದೂ ಗರ್ಭಿಣಿಯರ ವಿಷಯವನ್ನೇ. ಹೊಟ್ಟೆಯಲ್ಲಿರುವ ಮಗುವಿಗೆ ಮೊದಲ ಮೂರು ತಿಂಗಳು ತನ್ನದೇ ಹಾರ್ಮೋನು ಇರುವುದಿಲ್ಲ. ಮೆದುಳು ಕಟ್ಟಿಕೊಳ್ಳುವ ಆ ಸಮಯದಲ್ಲಿ ಅದು ತಾಯಿಯ ಟಿ4 ಅನ್ನೇ ನಂಬಿಕೊಂಡಿರುತ್ತದೆ. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದ ಹೆಣ್ಣುಮಗಳಿಗೆ ಬಸಿರಾದ ಕೂಡಲೆ ಡೋಸು ಹೆಚ್ಚು ಬೇಕಾಗುತ್ತದೆ. ತಿಂಗಳು ತಪ್ಪಿದ ವಾರದಲ್ಲೇ ಡಾಕ್ಟರನ್ನು ಕಾಣಬೇಕು. ಮೂರನೇ ತಿಂಗಳಿಗೆ ತಾಯಿ ಕಾರ್ಡ್ ಮಾಡಿಸುವಾಗ ಹೇಳಿದರಾಯಿತು ಎಂದು ಕಾಯುವಂತಿಲ್ಲ. ಆಮೇಲೆ ಅರ್ಧ ದಿನ ತುಂಬುವವರೆಗೆ ನಾಲ್ಕು ವಾರಕ್ಕೊಮ್ಮೆ ಟಿ.ಎಸ್.ಎಚ್. ನೋಡುತ್ತಾರೆ.

ಆದರೆ ನಮ್ಮಲ್ಲಿ ನಡೆಯುವುದು ಬೇರೆ. ಭದ್ರಾವತಿಯ ಒಂದು ಮನೆಯ ವಿಷಯ, ಹೆಸರು ಬೇಡ. ಮದುವೆಗೆ ಮುಂಚೆ ಹುಡುಗಿ ಎರಡು ವರ್ಷ ಮಾತ್ರೆ ತಿಂದು ಚೆನ್ನಾಗಿದ್ದಳು. ಸಂಬಂಧ ಕೂಡಿಬಂದಾಗ ಮನೆಯವರು ಬಾಟಲಿ ಎತ್ತಿಟ್ಟರು. ಥೈರಾಯ್ಡ್ ಅಂದರೆ ಮಕ್ಕಳಾಗುವುದಿಲ್ಲ ಎಂದುಕೊಂಡಾರು, ಮಾತು ಮುರಿದೀತು ಎಂಬ ಭಯ. ಗಂಡನ ಮನೆಯಲ್ಲಿ ಸ್ವಲ್ಪ ದಿನ ಕದ್ದು ತಿಂದಳು, ಆಮೇಲೆ ನಿಲ್ಲಿಸಿದಳು. ಎರಡನೇ ತಿಂಗಳ ಬಸಿರಿನಲ್ಲಿ ರಕ್ತ ಕೊಟ್ಟಾಗ ಟಿ.ಎಸ್.ಎಚ್. 60 ದಾಟಿತ್ತು. ರಿಪೋರ್ಟು ಒಯ್ಯಲು ಬಂದವರು ಅತ್ತೆ. ‘ನಮ್ಮ ಸೊಸೆಗೆ ಏನಾದರೂ ಇದೆಯಾ ಬೇಟಾ?’ ಎಂದು ಕೇಳಿದರು. ಲ್ಯಾಬಿನ ನಿಯಮ ನಿಮಗೂ ಗೊತ್ತಿರಲಿ: ರಿಪೋರ್ಟು ರೋಗಿಯದು. ‘ಖಾಲಾ, ಇವತ್ತೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರ ಮುಂದೆಯೇ ಎಲ್ಲ ಮಾತಾಡಿ’ ಎಂದಷ್ಟೇ ಹೇಳಿದೆವು. ಅವರು ಸಂಜೆಯೇ ಹೋದರು. ಮಾತ್ರೆ ಶುರುವಾಯಿತು, ನಾಲ್ಕು ವಾರಕ್ಕೆ ಅಂಕಿ ಇಳಿಯಿತು, ಹೆರಿಗೆ ಸುಸೂತ್ರವಾಯಿತು. ಆಮೇಲೆ ಆ ಅತ್ತೆಯೇ ಪಕ್ಕದ ಮನೆಯ ಇಬ್ಬರು ಸೊಸೆಯಂದಿರನ್ನು ಪರೀಕ್ಷೆಗೆ ಕರೆತಂದರು. ಎಲ್ಲ ಮನೆಯಲ್ಲೂ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. ಗರ್ಭ ನಿಲ್ಲದೆ ಹೋದವರೂ ನಮ್ಮ ಕೌಂಟರಿಗೆ ಬಂದಿದ್ದಾರೆ, ತಾವು ಮಾತ್ರೆ ನಿಲ್ಲಿಸಿದ್ದನ್ನು ಯಾರಿಗೂ ಹೇಳದೆ.

ಹುಡುಗನ ಕಡೆಯವರಾಗಿ ಇಲ್ಲಿ ಕುಳಿತಿರುವ ಹಿರಿಯರಿಗೆ ಒಂದು ಮಾತು. ಮಾತ್ರೆ ಸರಿಯಾಗಿ ತಿನ್ನುವ, ಟಿ.ಎಸ್.ಎಚ್. ಹತೋಟಿಯಲ್ಲಿರುವ ಹೆಣ್ಣುಮಗಳಿಗೆ ಮಕ್ಕಳಾಗಲು ಥೈರಾಯ್ಡ್ ಅಡ್ಡಿಯಲ್ಲ. ಬಾಟಲಿ ಕಂಡ ಸೊಸೆಗಿಂತ ಬಾಟಲಿ ಬಚ್ಚಿಟ್ಟ ಸೊಸೆಗೆ ಅಪಾಯ ಹೆಚ್ಚು. ಸಂಬಂಧ ಮಾತಾಡುವಾಗ ಕನ್ನಡಕದ ನಂಬರು ಹೇಳುವಷ್ಟು ಸಹಜವಾಗಿ ಇದನ್ನೂ ಹೇಳುವಂತಾಗಬೇಕು. ಹಾಗಾಗುವುದು ಕೇಳಿಸಿಕೊಳ್ಳುವವರ ಮುಖದ ಮೇಲಿದೆ.

ಗರ್ಭಿಣಿಯರಲ್ಲಿ ಯಾರಿಗೆ ಪರೀಕ್ಷೆ ಮಾಡಬೇಕು ಎಂದು ಕೇಂದ್ರ ಸರ್ಕಾರ 2014ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹಿಂದೆ ಗರ್ಭಪಾತವಾದವರು, ಬಹಳ ಕಾಲ ಮಕ್ಕಳಾಗದಿದ್ದವರು, ಮನೆಯಲ್ಲಿ ಥೈರಾಯ್ಡ್ ಇರುವವರು, ಸ್ಥೂಲಕಾಯದವರು ಅದರಲ್ಲಿ ಸೇರಿದ್ದಾರೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ. ಮೆಗ್ಗಾನ್ ಆಸ್ಪತ್ರೆಗಾಗಲಿ ನಿಮ್ಮ ಹತ್ತಿರದ ಆರೋಗ್ಯ ಕೇಂದ್ರಕ್ಕಾಗಲಿ ಹೋದಾಗ ಈ ಯಾವುದಾದರೂ ಒಂದು ನಿಮಗೆ ಇದ್ದರೆ ಕೇಳುವ ಮೊದಲೇ ಬಾಯಿಬಿಟ್ಟು ಹೇಳಿ. ಆಶಾ ಕಾರ್ಯಕರ್ತೆಗೆ ಹೇಳಿದರೂ ಆಗುತ್ತದೆ.

ಮಗು ಹುಟ್ಟಿದ ಮೇಲೆ ಇನ್ನೊಂದು ಪರೀಕ್ಷೆ ಇದೆ. ನಮ್ಮ ದೇಶದಲ್ಲಿ ಸುಮಾರು ಸಾವಿರಕ್ಕೆ ಒಂದು ಮಗು ಥೈರಾಯ್ಡ್ ಕೊರತೆಯೊಂದಿಗೇ ಹುಟ್ಟುತ್ತದೆ. ಹುಟ್ಟಿದಾಗ ನೋಡಲು ಚೆನ್ನಾಗಿಯೇ ಇರುತ್ತದೆ. ವಾರಗಳು ಕಳೆದಂತೆ ಕಾಮಾಲೆ ಇಳಿಯುವುದಿಲ್ಲ, ಅಳು ಒರಟಾಗುತ್ತದೆ, ಹೊಕ್ಕುಳು ಉಬ್ಬುತ್ತದೆ, ಮಗು ಸದಾ ಮಲಗಿಯೇ ಇರುತ್ತದೆ. ‘ಎಷ್ಟು ಸಾಧು ಮಗು’ ಎಂದು ಮನೆಯವರು ಹೊಗಳುತ್ತಾರೆ. ಲಕ್ಷಣ ಕಾಣುವವರೆಗೆ ಕಾದರೆ ಬುದ್ಧಿಯ ಬೆಳವಣಿಗೆಯಲ್ಲಿ ಆದ ನಷ್ಟ ತಿರುಗಿ ಬರುವುದಿಲ್ಲ. ಎರಡು ವಾರದ ಒಳಗೆ ಮಾತ್ರೆ ಶುರುವಾದರೆ ಆ ಮಗು ಬೇರೆ ಮಕ್ಕಳ ಹಾಗೆಯೇ ಓದಿ ಬೆಳೆಯುತ್ತದೆ. ಹಿಮ್ಮಡಿಗೆ ಸೂಜಿ ಚುಚ್ಚಿ ನಾಲ್ಕು ಹನಿ ರಕ್ತ ತೆಗೆದರೆ ಸಾಕು. ಹುಟ್ಟಿದ ಮೊದಲ ದಿನ ಟಿ.ಎಸ್.ಎಚ್. ಸಹಜವಾಗಿಯೇ ಏರಿರುವುದರಿಂದ ಎರಡರಿಂದ ಮೂರು ದಿನದ ನಡುವೆ ತೆಗೆಯುವುದು ಒಳ್ಳೆಯದು. ಕೆಲವು ಕಡೆ ಹೊಕ್ಕುಳಬಳ್ಳಿಯ ರಕ್ತದಲ್ಲೂ ನೋಡುತ್ತಾರೆ. ಬಾಣಂತಿ ಎರಡನೇ ದಿನವೇ ಮನೆಗೆ ಹೋಗಬೇಕೆಂದು ಅವಸರಪಡುವವರು ಹೊರಡುವ ಮುಂಚೆ ‘ಮಗುವಿನ ಟಿ.ಎಸ್.ಎಚ್. ಆಯಿತೇ’ ಎಂದು ಒಂದು ಮಾತು ಕೇಳಿ. ಹಸುಗೂಸಿನ ಕಾಲು ಚುಚ್ಚುವುದನ್ನು ನೋಡಲಾಗದೆ ಬೇಡವೆನ್ನುವ ಅಜ್ಜಿಯರನ್ನು ನಾವು ಕಂಡಿದ್ದೇವೆ. ಅವರ ಕರುಳು ನಮಗೆ ಅರ್ಥವಾಗುತ್ತದೆ. ಮಗು ಎರಡು ನಿಮಿಷ ಅಳುತ್ತದೆ, ಅಷ್ಟೆ.

ಲ್ಯಾಬಿಗೆ ಬರುವವರಿಗೆ ಕೆಲವು ಸೂಚನೆ. ಥೈರಾಯ್ಡ್ ಪರೀಕ್ಷೆಗೆ ಖಾಲಿ ಹೊಟ್ಟೆ ಕಡ್ಡಾಯವಲ್ಲ. ಟಿ.ಎಸ್.ಎಚ್. ರಾತ್ರಿ ಮತ್ತು ನಸುಕಿನಲ್ಲಿ ಏರುತ್ತದೆ, ಮಧ್ಯಾಹ್ನದ ಮೇಲೆ ಇಳಿಯುತ್ತದೆ. ಹಾಗಾಗಿ ಪ್ರತಿ ಸಲವೂ ಒಂದೇ ಹೊತ್ತಿಗೆ, ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ ಕೊಡಿ. ಕಳೆದ ಸಲ ದುರ್ಗಿಗುಡಿಯಲ್ಲಿ, ಈ ಸಲ ಭದ್ರಾವತಿಯಲ್ಲಿ ಮಾಡಿಸಿ ‘ಎರಡೂ ಬೇರೆ ಬಂದಿದೆ, ಯಾವುದು ಸುಳ್ಳು?’ ಎಂದರೆ ಎರಡೂ ಸುಳ್ಳಲ್ಲದಿರಬಹುದು. ಮಾತ್ರೆ ತಿನ್ನುವವರು ಆ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ತೆಗೆದುಕೊಳ್ಳಿ. ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ತಿನ್ನುವವರು ಈಗ ಹೆಚ್ಚಾಗಿದ್ದಾರೆ. ಕೆಲವು ಯಂತ್ರಗಳಲ್ಲಿ ಅದು ಪರೀಕ್ಷೆಗೆ ಅಡ್ಡಬಂದು ಟಿ.ಎಸ್.ಎಚ್. ಕಡಿಮೆ, ಟಿ4 ಹೆಚ್ಚು ಎಂದು ತೋರಿಸಿಬಿಡುತ್ತದೆ. ಇಲ್ಲದ ಕಾಯಿಲೆ ಕಾಗದದ ಮೇಲೆ ಹುಟ್ಟುತ್ತದೆ. ಎರಡು ದಿನ ಮೊದಲೇ ಅದನ್ನು ನಿಲ್ಲಿಸಿ, ತಿನ್ನುತ್ತಿದ್ದುದನ್ನು ನಮಗೆ ತಿಳಿಸಿ.

ಡೋಸು ಬದಲಾದ ಮೇಲೆ ಆರರಿಂದ ಎಂಟು ವಾರ ಬಿಟ್ಟೇ ಮತ್ತೆ ಪರೀಕ್ಷೆ. ಟಿ4 ರಕ್ತದಲ್ಲಿ ಅರ್ಧ ಕರಗಲು ಒಂದು ವಾರ ಬೇಕು, ಮೇಸ್ತ್ರಿ ಹೊಸ ಲೆಕ್ಕಕ್ಕೆ ಹೊಂದಿಕೊಳ್ಳಲು ಇನ್ನಷ್ಟು ದಿನ ಬೇಕು. ಹತ್ತು ದಿನಕ್ಕೇ ಬಂದರೆ ನಿಮ್ಮ ದುಡ್ಡು ದಂಡ. ಟಿ.ಎಸ್.ಎಚ್. ನಾರ್ಮಲ್ ಬಂತೆಂದು ಮಾತ್ರೆ ಬಿಡುವವರಿಗಂತೂ ಪ್ರತಿವಾರ ಹೇಳುತ್ತಲೇ ಇದ್ದೇವೆ: ನಾರ್ಮಲ್ ಬಂದಿರುವುದು ಮಾತ್ರೆಯಿಂದ.

ಹಾರ್ಮೋನು ಹೆಚ್ಚಾಗಿ ಕಾರ್ಬಿಮಜೋಲ್ ತಿನ್ನುವವರು ಒಂದು ವಿಷಯ ನೆನಪಿಡಿ. ಗಂಟಲು ನೋವು, ಜ್ವರ ಒಟ್ಟಿಗೆ ಬಂದರೆ ಅದೇ ದಿನ ಡಾಕ್ಟರನ್ನು ಕಂಡು ಬಿಳಿ ರಕ್ತಕಣದ ಲೆಕ್ಕ ಮಾಡಿಸಬೇಕು. ಅಪರೂಪಕ್ಕೆ ಆ ಮಾತ್ರೆ ಬಿಳಿ ಕಣಗಳನ್ನು ಕುಸಿಸುತ್ತದೆ, ಆಗ ತಡಮಾಡಿದರೆ ಜೀವಕ್ಕೇ ಅಪಾಯ.

ಉಪ್ಪಿನ ಮಾತು ಬಿಟ್ಟರೆ ಮಲೆನಾಡಿನವರಿಗೆ ಥೈರಾಯ್ಡ್ ಕತೆ ಪೂರ್ತಿಯಾಗದು. ಮಳೆ ಹೆಚ್ಚು ಬೀಳುವ ಗುಡ್ಡಗಾಡಿನ ಮಣ್ಣಿನಿಂದ ಅಯೋಡಿನ್ ತೊಳೆದುಹೋಗುತ್ತದೆ, ಅಲ್ಲಿ ಬೆಳೆದದ್ದರಲ್ಲೂ ಅದು ಕಡಿಮೆ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಿದರು. ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ನಮ್ಮ ಅಜ್ಜಿಯರ ಕಾಲದ ದೊಡ್ಡ ಗಳಗಂಡ ಈಗ ಕಣ್ಣಿಗೆ ಬೀಳುವುದು ಅಪರೂಪವಾಗಿದ್ದರೆ ಅದಕ್ಕೆ ಈ ಉಪ್ಪೂ ಕಾರಣ. ಈಗ ಮತ್ತೆ ಸೈಂಧವ ಲವಣವೇ ಶ್ರೇಷ್ಠ ಎಂಬ ಮಾತು ಮೊಬೈಲಿನಲ್ಲಿ ಓಡಾಡುತ್ತಿದೆ. ಅಯೋಡಿನ್ ಬೆರೆಸದ ಸೈಂಧವ ಲವಣದಿಂದ ಥೈರಾಯ್ಡಿಗೆ ಬೇಕಾದದ್ದು ಸಿಗುವುದಿಲ್ಲ. ಪ್ಯಾಕೆಟ್ಟಿನ ಮೇಲೆ ನಗುವ ಸೂರ್ಯನ ಗುರುತು ನೋಡಿ ತನ್ನಿ, ಮುಚ್ಚಳದ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಿ. ಇನ್ನು, ಈಗಾಗಲೇ ಮಾತ್ರೆ ತಿನ್ನುವವರು ಉಪ್ಪು ಹೆಚ್ಚು ತಿಂದರೆ ಗುಣವಾಗುತ್ತದೆ ಎಂದು ತಿಳಿಯಬೇಡಿ. ಬಿ.ಪಿ. ಮಾತ್ರ ಏರೀತು.

ಕೊನೆಯದಾಗಿ ಮಕ್ಕಳಿಗೆ. ಇಷ್ಟು ಹೊತ್ತು ಹೇಳಿದ ಪರೀಕ್ಷೆಯ ಬೇರು ಎಲ್ಲಿದೆ ಗೊತ್ತೇ? ರಕ್ತದಲ್ಲಿರುವ ಅತಿ ಸಣ್ಣ ಪ್ರಮಾಣದ ಹಾರ್ಮೋನನ್ನು ಅಳೆಯುವ ದಾರಿಯನ್ನು 1950ರ ದಶಕದಲ್ಲಿ ನ್ಯೂಯಾರ್ಕಿನ ರೊಸಾಲಿನ್ ಯಾಲೊ, ಸಾಲಮನ್ ಬರ್ಸನ್ ಕಂಡುಹಿಡಿದರು. ಯಾಲೊ ಅವರ ಮೊದಲ ಪ್ರಯೋಗಾಲಯ ಆಸ್ಪತ್ರೆಯಲ್ಲಿ ಪೊರಕೆ, ಬಕೆಟ್ಟು ಇಡುತ್ತಿದ್ದ ಸಣ್ಣ ಕೋಣೆಯಾಗಿತ್ತು. ಹೆಣ್ಣೆಂಬ ಕಾರಣಕ್ಕೆ ಭೌತಶಾಸ್ತ್ರ ಓದಲು ಸೀಟು ಸಿಗುವುದು ಕಷ್ಟವೆಂದು ಆಕೆ ಸ್ವಲ್ಪ ಕಾಲ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕೆಲಸವನ್ನೂ ಮಾಡಿದ್ದರು. 1977ರಲ್ಲಿ ಅವರಿಗೆ ನೊಬೆಲ್ ಬಂತು. ಈ ವರದಿಯ ಜೊತೆಗಿರುವ ಪ್ರಕಟಣೆಯಲ್ಲಿ ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ, ಬಿ.ಎಸ್ಸಿ. ಓದುವವರಿಗೂ ವಿದ್ಯಾರ್ಥಿವೇತನ ಇದೆ. ಹೆಣ್ಣುಮಕ್ಕಳು ಹೆಚ್ಚು ಅರ್ಜಿ ಹಾಕಲಿ ಎಂಬುದು ನಮ್ಮ ಆಸೆ. ಕೌಂಟರಿನ ಆಚೆ ಗಂಡಸು ಕೂತಿದ್ದಾನೆಂದು ತೋಳು ಚಾಚಲು ಸಂಕೋಚಪಟ್ಟು ವಾಪಸು ಹೋಗುವ ತಾಯಂದಿರು ಇನ್ನೂ ಇದ್ದಾರೆ.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇವೆ.

ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಜೊತೆಯಲ್ಲೇ ತಿನ್ನಬಹುದೇ ಎಂದು ಗರ್ಭಿಣಿಯೊಬ್ಬರು ಕೇಳಿದರು. ಬೇಡ, ಅವು ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಬಿಡುತ್ತವೆ. ನಾಲ್ಕು ಗಂಟೆ ಅಂತರ ಇರಲಿ. ಬೆಳಿಗ್ಗೆ ನೀರಿನಲ್ಲಿ ಥೈರಾಯ್ಡ್ ಮಾತ್ರೆ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಚಹಾ ತಿಂಡಿ, ಉಳಿದ ಮಾತ್ರೆ ಮಧ್ಯಾಹ್ನ ಮತ್ತು ರಾತ್ರಿ.

ರಂಜಾನಿನಲ್ಲಿ ಏನು ಮಾಡಬೇಕು ಎಂಬುದು ಎರಡನೆಯದು. ರೋಜಾ ಇಡುವವರು ಸಹರಿಗೆ ಅರ್ಧ ಗಂಟೆ ಮೊದಲೇ ಎದ್ದು ನೀರಿನಲ್ಲಿ ಮಾತ್ರೆ ನುಂಗಬಹುದು. ಅಷ್ಟು ಬೇಗ ಏಳಲಾಗದವರು ತರಾವೀಹ್ ಮುಗಿದು ಮಲಗುವ ಹೊತ್ತಿಗೆ, ಕೊನೆಯ ಊಟವಾಗಿ ಮೂರು ಗಂಟೆ ಕಳೆದ ಮೇಲೆ ತೆಗೆದುಕೊಳ್ಳಬಹುದು. ಯಾವುದು ಒಗ್ಗುತ್ತದೋ ಅದನ್ನೇ ತಿಂಗಳುಪೂರ್ತಿ ಪಾಲಿಸಿ, ದಿನಕ್ಕೊಂದು ಹೊತ್ತು ಬೇಡ. ಗರ್ಭಿಣಿಯರು, ಹಾರ್ಮೋನು ಹೆಚ್ಚಾಗಿ ಔಷಧಿಯಲ್ಲಿರುವವರು ರಂಜಾನಿಗೆ ಮುಂಚೆಯೇ ಡಾಕ್ಟರನ್ನು ಕೇಳಬೇಕು.

ಹೆರಿಗೆಯಾದ ಮೇಲೆ ಮಾತ್ರೆ ಮುಂದುವರಿಸಿದರೆ ಎದೆಹಾಲಿಗೆ ತೊಂದರೆಯೇ ಎಂದು ಒಬ್ಬ ಅಜ್ಜಿ ಕೇಳಿದರು. ತೊಂದರೆಯಿಲ್ಲ, ಹಾಲು ಧಾರಾಳವಾಗಿ ಕುಡಿಸಲಿ. ಬಸಿರಿನಲ್ಲಿ ಹೆಚ್ಚಿಸಿದ ಡೋಸನ್ನು ಡಾಕ್ಟರು ಸಾಮಾನ್ಯವಾಗಿ ಹಳೆಯ ಮಟ್ಟಕ್ಕೆ ಇಳಿಸುತ್ತಾರೆ. ಆರು ವಾರಕ್ಕೆ ಮಗುವಿಗೆ ಲಸಿಕೆ ಹಾಕಿಸಲು ಹೋಗುವ ದಿನವೇ ತಾಯಿಯ ಟಿ.ಎಸ್.ಎಚ್. ಕೂಡ ಮಾಡಿಸಿಕೊಂಡು ಬನ್ನಿ.